ಒಂದೇ ಮನೆತನದ ಎರಡು ಪ್ರೊಸೆಸರುಗಳು: ಒಂದು ತೌಲನಿಕ ವಿಮರ್ಶೆ

ಎರಡು ಕಾದಂಬರಿಗಳನ್ನೋ ಎರಡು ನಾಟಕ ಪ್ರಯೋಗಗಳನ್ನೋ ಹೋಲಿಸಿ ಬರೆಯುವುದು ಇಂಥ ಪತ್ರಿಕೆಗಳಿಗೆ ಹೊಸದಲ್ಲ. ಎರಡು ಪ್ರೊಸೆಸರುಗಳನ್ನು, ಎಂದರೆ ಗಣಕಯಂತ್ರದ ಒಡಲಲ್ಲಿ ಕೂತು ಲೆಕ್ಕ ಮಾಡುವ ಮುಖ್ಯ ಚಿಪ್ಪುಗಳನ್ನು, ಹೋಲಿಸಿ ಬರೆದರೆ ಅದು ವಿಮರ್ಶೆ ಹೇಗಾದೀತು ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ನಮ್ಮ ಮನೆಗಳಲ್ಲಿ ಈಗ ಅತ್ಯಂತ ಶ್ರದ್ಧೆಯಿಂದ ಓದಿಸಿಕೊಳ್ಳುತ್ತಿರುವ ವಿಮರ್ಶೆ ಯಾವುದು? ಕಾಲೇಜಿಗೆ ಹೋಗುವ ಮಕ್ಕಳು ಊಟದ ತಟ್ಟೆಯ ಮುಂದೆಯೂ ಬಿಡದೆ ಓದುವ ಪ್ರೊಸೆಸರು ಪರೀಕ್ಷೆಯ ವರದಿಗಳೇ. ಕಾದಂಬರಿಯ ವಿಮರ್ಶೆಯನ್ನು ನಂಬಿ ಕೆಟ್ಟರೆ ಹೋಗುವುದು ಕೆಲವು ನೂರು ರೂಪಾಯಿ, ಒಂದು ಭಾನುವಾರ. ಈ ವರದಿಗಳನ್ನು ನಂಬಿ ಕೆಟ್ಟರೆ ದೀಪಾವಳಿಯ ಬೋನಸ್ ಪೂರ್ತಿ ಹೋಗುತ್ತದೆ. ಆದ್ದರಿಂದ ವಿಮರ್ಶೆಗಳ ವಿಮರ್ಶೆಗೂ ಇಲ್ಲಿ ಒಂದಿಷ್ಟು ಸ್ಥಳವುಂಟೆಂದು ಭಾವಿಸಿದ್ದೇನೆ.

ಉದಾಹರಣೆಗೆ ನಾನು ಆರಿಸಿಕೊಂಡಿರುವುದು ಅಮೆರಿಕದ ಎಎಂಡಿ ಸಂಸ್ಥೆಯ ಎರಡು ಪ್ರೊಸೆಸರುಗಳನ್ನು. ಒಂದರ ಹೆಸರು ರೈಜನ್ 7 5800ಎಕ್ಸ್. 2020ರ ನವೆಂಬರಿನಲ್ಲಿ ಪೇಟೆಗೆ ಬಂತು. ಇನ್ನೊಂದು ರೈಜನ್ 7 5800ಎಕ್ಸ್3ಡಿ. ಬಂದದ್ದು 2022ರ ಏಪ್ರಿಲಿನಲ್ಲಿ. ಹೆಸರು ಉದ್ದವಾಯಿತು; ಮೊದಲು ಹುಟ್ಟಿದವನನ್ನು ಅಣ್ಣನೆಂದೂ ಆಮೇಲೆ ಬಂದವನನ್ನು ತಮ್ಮನೆಂದೂ ಕರೆದರೆ ಓದುಗರಿಗೂ ಸುಲಭ, ನನಗೂ ಸುಲಭ. ಇವತ್ತಿನ ಮಟ್ಟಿಗೆ ಇಬ್ಬರೂ ಹಳಬರೇ. ಆದರೂ ಇವರನ್ನೇ ಹಿಡಿದದ್ದಕ್ಕೆ ಕಾರಣವಿದೆ. ಹೋಲಿಕೆಗೆ ಇಷ್ಟು ಹೇಳಿ ಮಾಡಿಸಿದ ಜೋಡಿ ಅಪರೂಪ. ಸಾಮಾನ್ಯವಾಗಿ ಎರಡು ಪ್ರೊಸೆಸರುಗಳ ನಡುವೆ ಹತ್ತು ವ್ಯತ್ಯಾಸಗಳಿರುತ್ತವೆ. ಗೆದ್ದವನು ಯಾವುದರಿಂದ ಗೆದ್ದನೆಂದು ಹೇಳುವುದು ಕಷ್ಟ. ಇವರಿಬ್ಬರಲ್ಲಿ ಬಹುತೇಕ ಎಲ್ಲವೂ ಒಂದೇ. ಇಬ್ಬರಿಗೂ ಎಂಟೆಂಟು ಕೋರ್‌ಗಳು. ಆ ಕೋರ್‌ಗಳ ವಿನ್ಯಾಸವೂ ಒಂದೇ, ಝೆನ್ 3 ಎಂಬುದು. ಲೆಕ್ಕ ಮಾಡುವ ಚಿಪ್ಪನ್ನು ತಯಾರಿಸಿದ್ದು ತೈವಾನಿನ ಟಿಎಸ್‌ಎಂಸಿ, ಅದೂ 7 ನ್ಯಾನೊಮೀಟರ್ ಎಂಬ ಒಂದೇ ವಿಧಾನದಲ್ಲಿ. ಇಬ್ಬರೂ ಕೂರುವುದು ಎಎಂ4 ಎಂಬ ಒಂದೇ ಬಗೆಯ ಸಾಕೆಟ್ಟಿನಲ್ಲಿ. ರಟ್ಟಿನ ಪೆಟ್ಟಿಗೆಯ ಮೇಲೆ ಬರೆದಿರುವ ವಿದ್ಯುತ್ತಿನ ಅಂಕಿ ಇಬ್ಬರಿಗೂ 105 ವಾಟ್. ಹುಟ್ಟಿದಾಗಿನ ಬೆಲೆಯೂ ಒಂದೇ, 449 ಡಾಲರು.

ವ್ಯತ್ಯಾಸ ಎರಡೇ ಎರಡು. ಅಣ್ಣನ ಮೂಲ ವೇಗ 3.8 ಗಿಗಾಹರ್ಟ್ಸ್, ಹುರುಪು ಬಂದಾಗ 4.7ರವರೆಗೆ ಏರುತ್ತಾನೆ. ತಮ್ಮ 3.4ರಲ್ಲಿ ತೊಡಗಿ 4.5ಕ್ಕೆ ನಿಲ್ಲುತ್ತಾನೆ. ಹಾಗಾದರೆ ತಮ್ಮ ನಿಧಾನಿ. ಆದರೆ ಅಣ್ಣನೊಳಗಿರುವ ಮೂರನೆಯ ಮಟ್ಟದ ಕ್ಯಾಶ್ 32 ಮೆಗಾಬೈಟ್, ತಮ್ಮನದು 96. ನಿಧಾನಿಯಾದ ಈ ತಮ್ಮನನ್ನೇ ಎಎಂಡಿ 'ಜಗತ್ತಿನ ಅತ್ಯಂತ ವೇಗದ ಗೇಮಿಂಗ್ ಪ್ರೊಸೆಸರು' ಎಂದು ಸಾರಿ ಮಾರಿತು. ಅಂಕಿಯಲ್ಲಿ ಹಿಂದಿರುವವನು ಓಟದಲ್ಲಿ ಮುಂದೆ ಬಂದದ್ದು ಹೇಗೆ? ಅದನ್ನು ಬಿಡಿಸಿ ನೋಡಿದರೆ 'ವೇಗ' ಎಂಬ ಮಾತನ್ನು ನಾವು ಎಷ್ಟು ಸಡಿಲವಾಗಿ ಬಳಸುತ್ತಿದ್ದೇವೆಂಬುದು ಗೊತ್ತಾಗುತ್ತದೆ.

ಕ್ಯಾಶ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ರೊಕ್ಕ. ಇದು ಅದಲ್ಲ, ಬಚ್ಚಿಡುವುದೆಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದದ್ದು. ಅರ್ಥವಾಗಬೇಕಾದರೆ ಮದುವೆ ಮನೆಯ ಅಡಿಗೆಯನ್ನು ನೆನೆದುಕೊಳ್ಳಬೇಕು. ಎಂಟು ಮಂದಿ ಅಡಿಗೆಯವರಿದ್ದಾರೆನ್ನಿ. ಇವರೇ ಎಂಟು ಕೋರ್‌ಗಳು. ಒಬ್ಬೊಬ್ಬನೂ ಎರಡೆರಡು ಒಲೆ ನೋಡಿಕೊಳ್ಳಬಲ್ಲ. ಅದಕ್ಕೇ ಪೆಟ್ಟಿಗೆಯ ಮೇಲೆ ಹದಿನಾರು ಥ್ರೆಡ್ ಎಂದು ಬರೆದಿರುತ್ತದೆ. ಪ್ರತಿಯೊಬ್ಬನ ಕೈಯ ಬುಡದಲ್ಲಿ ಒಂದು ಒಗ್ಗರಣೆ ಡಬ್ಬಿ. ಬೆನ್ನ ಹಿಂದೆ ಅವನದೇ ಒಂದು ಹಲಗೆ. ಎಂಟು ಮಂದಿಗೂ ಸೇರಿ ಪಕ್ಕದ ಕೋಣೆಯಲ್ಲಿ ಒಂದು ಉಗ್ರಾಣ. ಉಗ್ರಾಣದಲ್ಲೂ ಇಲ್ಲದ್ದು ಬೇಕಾದರೆ ಪೇಟೆಗೇ ಹೋಗಬೇಕು. ಗಣಕದಲ್ಲಿ ಒಗ್ಗರಣೆ ಡಬ್ಬಿಯೆಂದರೆ ಮೊದಲ ಮಟ್ಟದ ಕ್ಯಾಶ್. ನಮ್ಮ ಈ ಜೋಡಿಯಲ್ಲಿ ಕೋರ್ ಒಂದಕ್ಕೆ ದತ್ತಾಂಶಕ್ಕೆ 32 ಕಿಲೋಬೈಟ್, ಆಜ್ಞೆಗಳಿಗೆ 32. ಬೆನ್ನ ಹಿಂದಿನ ಹಲಗೆ ಎರಡನೆಯ ಮಟ್ಟ, 512 ಕಿಲೋಬೈಟ್. ಉಗ್ರಾಣವೇ ಮೂರನೆಯ ಮಟ್ಟ. ಪೇಟೆಯೆಂದರೆ ಮದರ್‌ಬೋರ್ಡಿನ ಮೇಲೆ ಸಾಲಾಗಿ ಚುಚ್ಚಿರುವ ರ‍್ಯಾಮ್.

ದೂರಗಳ ಲೆಕ್ಕ ಕೇಳಿದರೆ ಈ ಹೋಲಿಕೆ ಉತ್ಪ್ರೇಕ್ಷೆಯಲ್ಲವೆಂದು ತಿಳಿಯುತ್ತದೆ. ಪ್ರೊಸೆಸರಿನ ಗಡಿಯಾರದ ಒಂದು ಬಡಿತವನ್ನು ಒಂದು ಸೆಕೆಂಡೆಂದು ಹಿಗ್ಗಿಸಿ ನೋಡೋಣ. ಒಗ್ಗರಣೆ ಡಬ್ಬಿಗೆ ಕೈ ಹಾಕಿ ತೆಗೆಯಲು 4 ಸೆಕೆಂಡು. ಬೆನ್ನ ಹಿಂದಿನ ಹಲಗೆಗೆ 12. ಉಗ್ರಾಣಕ್ಕೆ ಹೋಗಿ ಬರಲು ಸುಮಾರು ಮುಕ್ಕಾಲು ನಿಮಿಷ. ಪೇಟೆಗೆ? ಐದು ನಿಮಿಷದ ಆಸುಪಾಸು. ಅಡಿಗೆಯವನ ಕೈ ಎಷ್ಟೇ ಚುರುಕಾಗಿರಲಿ, ಸಾಸಿವೆ ಸಿಡಿಯುವ ಹೊತ್ತಿನಲ್ಲಿ ಕರಿಬೇವು ಪೇಟೆಯಲ್ಲಿದ್ದರೆ ಅವನ ಚುರುಕಿನಿಂದ ಬಂದ ಭಾಗ್ಯವೇನು? ಗಿಗಾಹರ್ಟ್ಸ್ ಎಂಬುದು ಅಡಿಗೆಯವನ ಕೈಚಳಕದ ಅಳತೆ ಮಾತ್ರ. ಸಾಮಾನು ಎಲ್ಲಿದೆಯೆಂಬುದನ್ನು ಅದು ಹೇಳುವುದಿಲ್ಲ.

ಇದೇನೂ ಈಚಿನ ಜ್ಞಾನೋದಯವಲ್ಲ. ಕೇಂಬ್ರಿಜ್‌ನ ಮಾರಿಸ್ ವಿಲ್ಕ್ಸ್ 1965ರಲ್ಲೇ, ದೊಡ್ಡದಾದ ನಿಧಾನದ ಸ್ಮರಣಕೋಶದ ಮುಂದೆ ಚಿಕ್ಕದಾದ ಚುರುಕಿನದೊಂದನ್ನು ಇಡುವ ವಿಚಾರವನ್ನು ಬರೆದಿದ್ದರು. ಐಬಿಎಂ 1968ರಲ್ಲಿ ತನ್ನ 360ರ 85ನೆಯ ಮಾದರಿಯಲ್ಲಿ ಅದನ್ನು ಮಾರಾಟದ ಯಂತ್ರಕ್ಕೆ ತಂದಿತು. ಅಂದಿನಿಂದ ಪ್ರೊಸೆಸರುಗಳ ಓಟ ಹೆಚ್ಚುತ್ತ ಹೋಯಿತು; ಪೇಟೆಯ ದಾರಿ ಮಾತ್ರ ಆ ಪ್ರಮಾಣದಲ್ಲಿ ಹತ್ತಿರವಾಗಲಿಲ್ಲ. ಹಾಗಾಗಿ ಕ್ಯಾಶ್‌ನ ಬೆಲೆ ವರ್ಷವರ್ಷಕ್ಕೆ ಏರಿತೇ ಹೊರತು ಇಳಿಯಲಿಲ್ಲ.

ತಮ್ಮನ ವೈಶಿಷ್ಟ್ಯ ಇಲ್ಲಿದೆ. ಉಗ್ರಾಣವನ್ನು ಅಗಲಿಸಲು ಅಕ್ಕಪಕ್ಕ ಜಾಗವಿಲ್ಲ. ಮುಂಬಯಿಯ ಒಂದೇ ಕೋಣೆಯ ಮನೆಯಲ್ಲಿ ಸಂಸಾರ ಮಾಡಿದವರಿಗೆ ಇದಕ್ಕೆ ಪರಿಹಾರ ತಾನಾಗಿ ಹೊಳೆಯುತ್ತದೆ: ಅಟ್ಟ ಕಟ್ಟುವುದು! ಎಎಂಡಿ ಮಾಡಿದ್ದೂ ಅದನ್ನೇ. 64 ಮೆಗಾಬೈಟಿನ ಇನ್ನೊಂದು ತೆಳು ಸಿಲಿಕಾನ್ ಹಾಳೆಯನ್ನು ಮೊದಲಿನ 32ರ ನೆತ್ತಿಯ ಮೇಲೆ ಕೂರಿಸಿ, ಬೆಸುಗೆಯ ಗುಂಡುಗಳಿಲ್ಲದೆ ತಾಮ್ರಕ್ಕೆ ತಾಮ್ರವನ್ನೇ ನೇರ ಬೆಸೆಯಿತು. ಒಟ್ಟು ಎತ್ತರ ಅಣ್ಣನಷ್ಟೇ ಇರಬೇಕೆಂದು ಕೆಳಗಿನ ಚಿಪ್ಪನ್ನು ಉಜ್ಜಿ ತೆಳುವಾಗಿಸಿತು. ಅಟ್ಟ ಬಂದದ್ದು ಉಗ್ರಾಣದ ಮೇಲೆ ಮಾತ್ರ. ಅಡಿಗೆಯವರ ತಲೆಯ ಮೇಲೆ ಬರಿದಾದ ಸಿಲಿಕಾನ್ ತುಂಡುಗಳನ್ನಿಟ್ಟು ಮಟ್ಟ ಮಾಡಿದರು. ಅಟ್ಟ ಹತ್ತಿ ಇಳಿಯಲು ಹೆಚ್ಚಾದ ಹೊತ್ತು ನಮ್ಮ ಲೆಕ್ಕದಲ್ಲಿ ಸುಮಾರು ನಾಲ್ಕು ಸೆಕೆಂಡು, ಅಷ್ಟೆ. ಐದು ನಿಮಿಷದ ಪೇಟೆಯ ಓಡಾಟ ಉಳಿಸಲು ನಾಲ್ಕು ಸೆಕೆಂಡಿನ ಏಣಿ! ಇಂಜಿನಿಯರಿಂಗ್ ದೃಷ್ಟಿಯಿಂದ ಇದು ಸೊಗಸಾದ ಕೆಲಸವೆಂದು ಒಪ್ಪದೆ ಗತಿಯಿಲ್ಲ.

ಅಟ್ಟಕ್ಕೊಂದು ತೆರಿಗೆಯೂ ಉಂಟು. ಕೆಳಗಿನ ಒಲೆಗಳ ಶಾಖ ಮೇಲಿನ ಸಿಲಿಕಾನನ್ನು ದಾಟಿಯೇ ಹೊರಹೋಗಬೇಕು. ಜೊತೆಗೆ ಅಟ್ಟದ ಚಿಪ್ಪು ಹೆಚ್ಚು ವೋಲ್ಟೇಜು ತಾಳದು, 1.35 ವೋಲ್ಟಿಗೆ ಮಿತಿ ಹಾಕಿದರು. ವೇಗ ಇಳಿದದ್ದು ಈ ಕಾರಣದಿಂದ. ಕೊಂಡವರು ತಾವೇ ತಿರುಚಿ ವೇಗ ಹೆಚ್ಚಿಸಿಕೊಳ್ಳುವ ಓವರ್‌ಕ್ಲಾಕಿಂಗಿಗೂ ಬೀಗ ಬಿತ್ತು.

ಇನ್ನು ಪರೀಕ್ಷೆಗಳ ವಿಚಾರ. ನನ್ನ ಮುಖ್ಯ ತಕರಾರು ಇರುವುದು ಇಲ್ಲಿಯೇ.

ಈ ಅಟ್ಟವನ್ನು ಎಎಂಡಿ ಮೊದಲು ಲೋಕಕ್ಕೆ ತೋರಿಸಿದ್ದು 2021ರ ಕಂಪ್ಯೂಟೆಕ್ಸ್ ಸಮ್ಮೇಳನದಲ್ಲಿ. ಮುಖ್ಯಸ್ಥೆ ಲೀಸಾ ಸು ಅವರು ಒಂದು ಮಾದರಿ ಚಿಪ್ಪನ್ನು ಕೈಯಲ್ಲಿ ಹಿಡಿದು ತೋರಿಸಿದರು. ಅದು ಎಂಟು ಕೋರಿನದಲ್ಲ, ಹನ್ನೆರಡು ಕೋರಿನ 5900ಎಕ್ಸ್‌ಗೆ ಅಟ್ಟ ಕಟ್ಟಿದ್ದು. ಅಟ್ಟವಿಲ್ಲದ 5900ಎಕ್ಸ್‌ನೊಡನೆ ಹೋಲಿಸಿ, ಐದು ಆಟಗಳಲ್ಲಿ ಸರಾಸರಿ ಶೇಕಡಾ 15 ಮುಂದೆ ಎಂದು ಸಾರಿದರು. ಆ ಹೋಲಿಕೆಯಲ್ಲಿ ಎರಡೂ ಚಿಪ್ಪುಗಳನ್ನು 4 ಗಿಗಾಹರ್ಟ್ಸಿಗೆ ಕಟ್ಟಿಹಾಕಲಾಗಿತ್ತು. ಇದರಲ್ಲಿ ಮೋಸವೇನೂ ಇಲ್ಲ. ಒಂದೇ ಒಂದು ಕಾರಣದ ಪರಿಣಾಮ ತಿಳಿಯಬೇಕಾದರೆ ಉಳಿದೆಲ್ಲವನ್ನೂ ಸಮ ಮಾಡಬೇಕು. ವಿಜ್ಞಾನದ ಯಾವ ಪ್ರಾಧ್ಯಾಪಕರೂ ಇದನ್ನೇ ಹೇಳುವರು. ಆದರೆ ಕೊಳ್ಳುವವನ ಮನೆಯಲ್ಲಿ ಅಣ್ಣನನ್ನು ಯಾರೂ 4ಕ್ಕೆ ಕಟ್ಟಿಹಾಕುವುದಿಲ್ಲ. ಅವನು 4.7ಕ್ಕೆ ಓಡುತ್ತಾನೆ. ಅಟ್ಟದ ಲಾಭವನ್ನು ತೋರಿಸಿ, ಅಟ್ಟಕ್ಕಾಗಿ ತೆತ್ತ ವೇಗವನ್ನು ಲೆಕ್ಕದಿಂದ ಹೊರಗಿಟ್ಟ ಹೋಲಿಕೆ ಅದು. ಪ್ರಯೋಗಶಾಲೆಗೆ ಸರಿ, ಅಂಗಡಿಗೆ ಸರಿಯಲ್ಲ. ಮುಂದೆ 2022ರಲ್ಲಿ ನಿಜವಾಗಿ ಪೇಟೆಗೆ ಬಂದದ್ದು ಹನ್ನೆರಡು ಕೋರಿನದಲ್ಲ, ಎಂಟು ಕೋರಿನದು ಎಂಬುದನ್ನೂ ಗಮನಿಸಬೇಕು.

ಮಾರಾಟಕ್ಕೆ ಬಂದ ಮೇಲಿನ ಸ್ವತಂತ್ರ ಪರೀಕ್ಷೆಗಳು ಹೇಳಿದ್ದೇನು? ಸಿನೆಬೆಂಚ್ ಎಂಬುದೊಂದು ಪ್ರಸಿದ್ಧ ಪರೀಕ್ಷೆ. ಮೂರು ಆಯಾಮದ ದೃಶ್ಯಕ್ಕೆ ಬೆಳಕು ನೆರಳು ತುಂಬಿಸಿ ಚಿತ್ರ ಮಾಡುವ ಕೆಲಸವನ್ನು ಪ್ರೊಸೆಸರಿಗೆ ಕೊಟ್ಟು ಅಂಕ ಹಾಕುತ್ತದೆ. ಅಲ್ಲಿ ಅಣ್ಣನೇ ಮುಂದು. ಅಂತರ ದೊಡ್ಡದಲ್ಲ, ವೇಗದಲ್ಲಿರುವ ವ್ಯತ್ಯಾಸಕ್ಕೆ ತಕ್ಕಷ್ಟು. ಕಾರಣ ಸ್ಪಷ್ಟ: ಆ ಕೆಲಸಕ್ಕೆ ಬೇಕಾದ ಸಾಮಾನು ಬಹುಪಾಲು ಒಗ್ಗರಣೆ ಡಬ್ಬಿಯಲ್ಲೂ ಬೆನ್ನ ಹಿಂದಿನ ಹಲಗೆಯಲ್ಲೂ ಹಿಡಿಸುತ್ತದೆ. ಇಡೀ ದಿನ ಒಂದೇ ಒರಳಿನ ಮುಂದೆ ಕೂತು ಹಿಟ್ಟು ರುಬ್ಬುವವನಿಗೆ ಅಟ್ಟದಲ್ಲಿ ಎಷ್ಟು ಮೂಟೆ ಬೆಲ್ಲವಿದ್ದರೇನು? ಅಲ್ಲಿ ಗೆಲ್ಲುವುದು ರಟ್ಟೆಯೇ. ಒಮ್ಮೆ ಓದಿ ಮತ್ತೆ ಮುಟ್ಟದ ದತ್ತಾಂಶದ ಕೆಲಸಗಳಿಗೂ ಅಟ್ಟದಿಂದ ಹೆಚ್ಚು ಪ್ರಯೋಜನವಿಲ್ಲ. ಹೊತ್ತು ತಂದದ್ದನ್ನು ಕೂಡಿಡುವ ಪ್ರಶ್ನೆಯೇ ಬರುವುದಿಲ್ಲ.

ಆಟಗಳ ಸ್ವಭಾವ ಬೇರೆ. ಪರದೆಯ ಮೇಲಿನ ಒಂದೊಂದು ಚಿತ್ರಕ್ಕೂ ಪ್ರೊಸೆಸರು ಸಾವಿರಾರು ವಸ್ತುಗಳ ಸ್ಥಿತಿಗತಿ ವಿಚಾರಿಸಬೇಕು. ಯಾರು ಎಲ್ಲಿ ನಿಂತಿದ್ದಾರೆ, ಯಾವ ಗೋಡೆ ಅಡ್ಡ ಇದೆ, ಯಾವ ವಿಮಾನ ಎಷ್ಟು ಎತ್ತರದಲ್ಲಿದೆ. ಸೆಕೆಂಡಿಗೆ ಅರವತ್ತೋ ನೂರೋ ಸಲ ಅದೇ ವಿಚಾರಣೆ, ಅವೇ ವಸ್ತುಗಳು. ಈ ಪಟ್ಟಿ 32ರಲ್ಲಿ ಹಿಡಿಸದೆ 96ರಲ್ಲಿ ಹಿಡಿಸಿದರೆ ತಮ್ಮನ ಮುಂದೆ ಅಣ್ಣ ನಿಲ್ಲಲಾರ. ಮೈಕ್ರೋಸಾಫ್ಟಿನ ವಿಮಾನ ಹಾರಾಟದ ಆಟ, ಕಾರ್ಖಾನೆ ಕಟ್ಟುವ ಫ್ಯಾಕ್ಟೋರಿಯೋ ಮುಂತಾದವುಗಳಲ್ಲಿ ಹೀಗಾಯಿತು. ಆದರೆ ಕೌಂಟರ್ ಸ್ಟ್ರೈಕಿನ ಆಗಿನ ಆವೃತ್ತಿಯಂಥ ಹಳೆಯ ಹಗುರ ಆಟಗಳಲ್ಲಿ ಅಟ್ಟ ಕೆಲಸಕ್ಕೆ ಬರಲಿಲ್ಲ. ಅವುಗಳ ಸಾಮಾನು ಮೊದಲೇ ಉಗ್ರಾಣದಲ್ಲಿ ಹಿಡಿಸುತ್ತಿತ್ತು. ಎಎಂಡಿಯ ಸ್ವಂತ ಪ್ರಚಾರದ ಪಟ್ಟಿಯಲ್ಲೂ ಆ ಆಟದ ಮುಂದೆ ಲಾಭ ಶೂನ್ಯವೆಂದೇ ಇತ್ತು. ಆ ಪ್ರಾಮಾಣಿಕತೆಗೆ ಮೆಚ್ಚುಗೆ ಸಲ್ಲಬೇಕು.

ಒಂದು ಆಟದಲ್ಲಿ ಶೇಕಡಾ 40 ಲಾಭ, ಮತ್ತೊಂದರಲ್ಲಿ ಸೊನ್ನೆ, ಸಿನೆಬೆಂಚಿನಲ್ಲಿ ನಷ್ಟ ಎಂದಿರುವಾಗ ಸರಾಸರಿ ತೆಗೆದು 'ತಮ್ಮ ಶೇಕಡಾ ಇಷ್ಟು ಮುಂದೆ' ಎಂದು ತೀರ್ಪು ಕೊಡುವುದರಲ್ಲಿ ಏನರ್ಥ? ಸರಾಸರಿ ಕೆಲಸ ಎಂಬುದನ್ನು ಯಾವ ಮನೆಯಲ್ಲೂ ಯಾರೂ ಮಾಡುವುದಿಲ್ಲ. ಹತ್ತು ಆಟಗಳ ಜಾಗದಲ್ಲಿ ಬೇರೆ ಹತ್ತನ್ನು ಆರಿಸಿದರೆ ಸರಾಸರಿಯೂ ಬೇರೆಯಾಗುತ್ತದೆ. ಆಯ್ಕೆ ಮಾಡಿದವನ ರುಚಿಯೇ ತೀರ್ಪಾಗಿ ಹೊರಬೀಳುತ್ತದೆ. ಕವನ ಸಂಕಲನಕ್ಕೆ ನೂರಕ್ಕೆ ಇಷ್ಟು ಅಂಕವೆಂದು ಹಾಕುವ ವಿಮರ್ಶಕನನ್ನು ನಾವು ನಗುತ್ತೇವೆ. ಇಲ್ಲಿ ಮಾತ್ರ ತಲೆಬಾಗುತ್ತೇವೆ.

ಇನ್ನೊಂದು ಮಾತು ಪರದೆಯ ಸೂಕ್ಷ್ಮತೆಯದು. ಈ ಅಂತರಗಳೆಲ್ಲ ಎದ್ದು ಕಾಣುವುದು 1920ಕ್ಕೆ 1080 ಚುಕ್ಕೆಗಳ ಪರದೆಯ ಮೇಲೆ, ಅದೂ ಅತ್ಯಂತ ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿ ಪರೀಕ್ಷಿಸಿದಾಗ. ಪರದೆಯ ಚುಕ್ಕೆಗಳು ನಾಲ್ಕು ಪಟ್ಟಾದರೆ ಕೆಲಸದ ಭಾರ ಗ್ರಾಫಿಕ್ಸ್ ಕಾರ್ಡಿನ ಮೇಲೆ ಬಿದ್ದು ಅಣ್ಣ ತಮ್ಮ ಇಬ್ಬರೂ ಅದರ ದಾರಿ ಕಾಯುತ್ತ ಕೂರುತ್ತಾರೆ. ಸಾಧಾರಣ ಕಾರ್ಡ್ ಹಾಕಿದರೂ ಬಹುಮಟ್ಟಿಗೆ ಅದೇ ಕಥೆ. ಪರೀಕ್ಷಕರು ಬೇಕೆಂದೇ ಹಾಗೆ ಮಾಡುತ್ತಾರೆ, ಪ್ರೊಸೆಸರಿನ ಸಾಮರ್ಥ್ಯ ಮಾತ್ರ ಬೇರೆಯಾಗಿ ಕಾಣಲಿ ಎಂದು. ಸರಿಯೇ. ಆದರೆ ಆ ಅಂತರ ತನ್ನ ಮನೆಯಲ್ಲೂ ಸಿಗುತ್ತದೆಂದು ಓದುಗ ತಿಳಿದರೆ ಅವನನ್ನು ಎಚ್ಚರಿಸುವ ಒಂದು ಸಾಲು ಬೇಡವೇ? ಒಳ್ಳೆಯ ಪರೀಕ್ಷಕರು ಅದನ್ನು ಬರೆಯುತ್ತಾರೆ. ಉಳಿದವರು ಸೊನ್ನೆಯಿಂದ ಶುರುವಾಗದ ಕಂಬಗಳ ನಕ್ಷೆ ಬರೆದು, ಶೇಕಡಾ 5ರ ವ್ಯತ್ಯಾಸ ಎರಡು ಪಟ್ಟಿನಂತೆ ಕಾಣುವ ಹಾಗೆ ಮಾಡಿ ಕೈತೊಳೆದುಕೊಳ್ಳುತ್ತಾರೆ.

ತಮ್ಮನ ನಿಜವಾದ ಹೆಚ್ಚುಗಾರಿಕೆ ಸರಾಸರಿಯಲ್ಲಿ ಕಾಣುವುದೇ ಇಲ್ಲ. ಅದು ಎಡವಟ್ಟಿನ ಕ್ಷಣಗಳಲ್ಲಿದೆ. ಡೊಂಬಿವಲಿಯಿಂದ ದಿನವೂ ಲೋಕಲ್ ಹಿಡಿಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಿಂಗಳಿಗೆ ಸರಾಸರಿ ನಾಲ್ಕು ನಿಮಿಷ ತಡ ಎಂದರೆ, ಮೂವತ್ತು ದಿನವೂ ನಾಲ್ಕು ನಾಲ್ಕು ನಿಮಿಷ ತಡವಾಗಿರಬಹುದು. ಇಲ್ಲವೇ ಇಪ್ಪತ್ತೊಂಬತ್ತು ದಿನ ಗಡಿಯಾರದಂತೆ ಬಂದು ಒಂದು ದಿನ ಎರಡು ಗಂಟೆ ನಿಂತಿರಬಹುದು. ಸರಾಸರಿ ಒಂದೇ, ಆಫೀಸಿನಲ್ಲಿ ಕೇಳುವ ಮಾತು ಬೇರೆ. ಆಟದಲ್ಲೂ ಹೀಗೆಯೇ. ಸೆಕೆಂಡಿಗೆ ನೂರು ಚಿತ್ರಗಳೆಂದರೆ ಒಂದೊಂದಕ್ಕೆ 10 ಮಿಲಿಸೆಕೆಂಡು. ಆದರೆ 99 ಚಿತ್ರಗಳು ಒಂಬತ್ತೊಂಬತ್ತು ಮಿಲಿಸೆಕೆಂಡಿನಲ್ಲಿ ಮುಗಿದು ಒಂದೇ ಒಂದು 109 ತೆಗೆದುಕೊಂಡರೂ ಲೆಕ್ಕ ನೂರಕ್ಕೇ ಬರುತ್ತದೆ. ಆ ಒಂದು ಚಿತ್ರದ ಹೊತ್ತಿಗೆ ಪರದೆ ಗಕ್ಕನೆ ನಿಂತಂತಾಗುತ್ತದೆ. ಆಡುವವನಿಗೆ ನೆನಪಿರುವುದು ಅದೇ. ಇಂಥ ಗಕ್ಕೆನ್ನುವಿಕೆಗೆ ಹಲವು ಕಾರಣಗಳಿದ್ದರೂ ಮುಖ್ಯವಾದದ್ದೊಂದು ಪೇಟೆಯ ಓಡಾಟ. ಅದಕ್ಕೇ ಈಚೆಗೆ ಬಲ್ಲವರು ಸರಾಸರಿಯ ಜೊತೆಗೆ ಅತಿ ನಿಧಾನದ ಶೇಕಡಾ 1 ಚಿತ್ರಗಳ ಅಂಕಿಯನ್ನೂ ಕೊಡುತ್ತಾರೆ. ನಕ್ಷೆಯಲ್ಲಿ ಅದು ತಿಳಿ ಬಣ್ಣದ ಗಿಡ್ಡ ಕಂಬ. ಓದುವ ಅಭ್ಯಾಸವಿದ್ದವರು ಮೊದಲು ನೋಡಬೇಕಾದದ್ದು ಆ ಗಿಡ್ಡ ಕಂಬವನ್ನೇ.

ಈ ಜೋಡಿಯ ಕಥೆ ಹೊಸದೆಂದು ತಿಳಿಯುವವರಿಗೆ 1998ರದೊಂದು ನೆನಪು ಮಾಡಿಕೊಡಬಹುದು. ಇಂಟೆಲ್ ಸಂಸ್ಥೆ ಆ ವರ್ಷ ಅಗ್ಗದ ಗಣಕಗಳಿಗೆಂದು ಸೆಲೆರಾನ್ ಎಂಬ ಪ್ರೊಸೆಸರು ತಂದಿತು. ಪೆಂಟಿಯಮ್ 2ರ ಒಡಲೇ, ಆದರೆ ಖರ್ಚು ಉಳಿಸಲು ಎರಡನೆಯ ಮಟ್ಟದ ಕ್ಯಾಶನ್ನು ಪೂರ್ತಿ ಕಿತ್ತುಹಾಕಿದ್ದರು. ಮೆಗಾಹರ್ಟ್ಸ್ ಅಂಕಿ ಚೆನ್ನಾಗಿತ್ತು, ಕೆಲಸ ಕುಂಟುತ್ತಿತ್ತು, ಹೆಸರು ಕೆಟ್ಟಿತು. ಕೆಲವೇ ತಿಂಗಳಲ್ಲಿ, ಅದೇ ಆಗಸ್ಟಿನಲ್ಲಿ, ಸೆಲೆರಾನ್ 300ಎ ಬಂತು. ಹಿಂದಿನ 300ಕ್ಕೂ ಇದಕ್ಕೂ ಮೆಗಾಹರ್ಟ್ಸ್ ಒಂದೇ. ಹೆಚ್ಚಾದದ್ದು 128 ಕಿಲೋಬೈಟಿನ ಕ್ಯಾಶ್, ಅದೂ ಚಿಪ್ಪಿನೊಳಗೇ, ಪ್ರೊಸೆಸರಿನ ಪೂರ್ಣ ವೇಗದಲ್ಲಿ ಓಡುವಂಥದು. ದುಬಾರಿ ಪೆಂಟಿಯಮ್ 2ಕ್ಕೆ 512 ಕಿಲೋಬೈಟ್ ಇತ್ತಾದರೂ ಅದು ಹೊರಗಿತ್ತು, ಅರ್ಧ ವೇಗದ್ದು. ಪರಿಣಾಮವಾಗಿ ಬಡವರ ಮನೆಯ ಸೆಲೆರಾನ್ ಶ್ರೀಮಂತರ ಪೆಂಟಿಯಮ್ಮಿಗೆ ಹೆಗಲೆಣೆಯಾಯಿತು. ಚುರುಕು ಹುಡುಗರು ಬಸ್ ವೇಗವನ್ನು 66ರಿಂದ 100ಕ್ಕೆ ಏರಿಸಿ ಅದನ್ನು 450 ಮೆಗಾಹರ್ಟ್ಸಿಗೆ ಓಡಿಸಿ ಸಂತೋಷಪಟ್ಟರು. ಒಂದು ಅಕ್ಷರದ ವ್ಯತ್ಯಾಸ, 'ಎ'. ಅಂಗಡಿಯಲ್ಲಿ ಅದನ್ನು ಕೇಳಿ ಪಡೆದವರು ಗೆದ್ದರು. ಬರಿಯ '300' ಎಂದವರು ಸೋತರು. ಇಪ್ಪತ್ತನಾಲ್ಕು ವರ್ಷದ ನಂತರ ಆ 'ಎ' ಜಾಗಕ್ಕೆ '3ಡಿ' ಬಂತೆನ್ನಬೇಕು.

ಆದರೆ ಕೇಳಿ ಪಡೆದರೆ ಸಾಲದು, ತನಗೆ ಬೇಕೇ ಎಂದೂ ಕೇಳಿಕೊಳ್ಳಬೇಕು. ಪುಣೆಯಲ್ಲಿರುವ ನಮ್ಮ ಬಳಗದ ಒಂದು ಮನೆಯ ವಿಷಯ ಹೇಳುತ್ತೇನೆ. ಮಗಳು ವಾಸ್ತುಶಿಲ್ಪದ ವಿದ್ಯಾರ್ಥಿನಿ. ಕಟ್ಟಡದ ನಕ್ಷೆಗೆ ಬೆಳಕು ನೆರಳು ತುಂಬಿಸಿ ಚಿತ್ರ ಮಾಡಿ ಒಪ್ಪಿಸುವುದು ಅವಳ ಪಾಠದ ಭಾಗ. ತಂದೆ ಸಹಕಾರ ಸಂಘದಲ್ಲಿ ಸಾಲ ಮಾಡಿ ಯಂತ್ರ ಕೊಡಿಸಿದರು. ಅಂಗಡಿಯವನು 'ಇದೇ ಲೇಟೆಸ್ಟ್, ಇದೇ ಫಾಸ್ಟೆಸ್ಟ್' ಎಂದು ತಮ್ಮನನ್ನು ಕಟ್ಟಿದ. ಹೇಳಿದ್ದು ಸುಳ್ಳಲ್ಲ, ಆ ಹುಡುಗಿಯ ಕೆಲಸಕ್ಕೆ ಮಾತ್ರ ಹೊಂದದ ನಿಜ. ಅವಳ ಕೆಲಸ ಸಿನೆಬೆಂಚಿನ ಜಾತಿಯದು. ಆಗ ಬೆಲೆ ಇಳಿದಿದ್ದ ಅಣ್ಣ ಅದನ್ನು ಸ್ವಲ್ಪ ಬೇಗವೇ ಮುಗಿಸುತ್ತಿದ್ದ. ಉಳಿದ ಹಣದಲ್ಲಿ ರ‍್ಯಾಮ್ 16ರ ಬದಲು 32 ಗಿಗಾಬೈಟ್ ಆಗಬಹುದಿತ್ತು. ಅವಳ ಯಂತ್ರ ಪರೀಕ್ಷೆಯ ವಾರದಲ್ಲಿ ತಡವರಿಸಿದ್ದು ರ‍್ಯಾಮ್ ಸಾಲದೆ. ಆ ತಂದೆ 'ದುಬಾರಿಯದನ್ನೇ ಕೊಡಿಸಿದೆನಲ್ಲ' ಎಂದು ಹೇಳಿಕೊಂಡಾಗ ನನಗೆ ಉತ್ತರ ತೋಚಲಿಲ್ಲ.

ಅಣ್ಣನ ಪರವಾಗಿ ಇಷ್ಟು ಹೇಳಿದ ಮೇಲೆ ಅವನ ಹುಳುಕನ್ನೂ ಹೇಳಬೇಕು. ಎಂಟು ಕೋರ್‌ಗಳೂ ಒಂದೇ ಪುಟ್ಟ ಚಿಪ್ಪಿನಲ್ಲಿದ್ದು ಅವನು ಬೇಗ ಬಿಸಿಯಾಗುವ ಸ್ವಭಾವದವನು. ಮೇ ತಿಂಗಳ ಚೆನ್ನೈಯಲ್ಲೋ ದೆಹಲಿಯಲ್ಲೋ ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ ಇದು ಸಣ್ಣ ಮಾತಲ್ಲ. ತಮ್ಮನಿಗೆ ಶಾಖ ಹೊರಹಾಕುವುದು ಕಷ್ಟವಾದರೂ ವೋಲ್ಟೇಜಿನ ಮಿತಿಯಿಂದಾಗಿ ಅವನು ವಿದ್ಯುತ್ತನ್ನು ಕಡಿಮೆ ಬಳಸುತ್ತಾನೆ. ಪೆಟ್ಟಿಗೆಯ ಮೇಲೆ ಇಬ್ಬರಿಗೂ 105 ಎಂದಿದ್ದರೂ ಮೀಟರು ಹಾಗೆ ಹೇಳುವುದಿಲ್ಲ. ಇನ್ನೂ ಒಂದು ಗುಣ: ಪೇಟೆಗೆ ಅಪರೂಪಕ್ಕೆ ಹೋಗುವವನಿಗೆ ಪೇಟೆಯ ರಸ್ತೆ ಕೆಟ್ಟಿದ್ದರೂ ಬಾಧೆ ಕಡಿಮೆ. ಅಂದರೆ ಆಟಗಳಲ್ಲಿ ತಮ್ಮನಿಗೆ ಅತಿ ವೇಗದ ದುಬಾರಿ ರ‍್ಯಾಮ್ ಬೇಕಾಗಿಲ್ಲ. ಸಾಧಾರಣದ್ದರಲ್ಲೂ ಹೆಚ್ಚು ಕಳೆದುಕೊಳ್ಳುವುದಿಲ್ಲ.

ನಕ್ಷೆಗಳಲ್ಲಿ ಬಾರದ, ಆದರೆ ಬಿಲ್ಲಿನಲ್ಲಿ ಬರುವ ಸಂಗತಿಗಳೂ ಇವೆ. ಇಬ್ಬರ ಪೆಟ್ಟಿಗೆಯಲ್ಲೂ ತಂಪುಮಾಡುವ ಫ್ಯಾನ್ ಇಲ್ಲ, ಬೇರೆ ಕೊಳ್ಳಬೇಕು. ಇಬ್ಬರಿಗೂ ಪರದೆಗೆ ಚಿತ್ರ ಕಳಿಸುವ ಶಕ್ತಿ ಸ್ವಂತದ್ದಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಪರದೆ ಕಪ್ಪಾಗಿಯೇ ಇರುತ್ತದೆ. ಟ್ಯಾಲಿಯಲ್ಲಿ ಲೆಕ್ಕ, ನುಡಿ ಅಥವಾ ಬರಹದಲ್ಲಿ ಕನ್ನಡ ಟೈಪು, ಊರಿನ ಅಜ್ಜಿಯೊಡನೆ ಭಾನುವಾರದ ವೀಡಿಯೋ ಮಾತುಕತೆ, ಇಷ್ಟೇ ಕೆಲಸವಿರುವ ಮನೆಗೆ ಅಣ್ಣನೂ ಬೇಡ, ತಮ್ಮನೂ ಬೇಡ. ಅದೇ ಸಾಕೆಟ್ಟಿಗೆ ಕೂರುವ, ಗ್ರಾಫಿಕ್ಸ್ ಒಳಗೇ ಇರುವ 5600ಜಿ ಎಂಬ ದಾಯಾದಿ ಧಾರಾಳ ಸಾಕಾಗುತ್ತಿತ್ತು. ಲ್ಯಾಮಿಂಗ್ಟನ್ ರಸ್ತೆಯಲ್ಲೋ ನೆಹರೂ ಪ್ಲೇಸಿನಲ್ಲೋ ರಿಚಿ ಸ್ಟ್ರೀಟಿನಲ್ಲೋ 'ಮನೆಯಲ್ಲಿ ಏನು ಕೆಲಸ?' ಎಂದು ಮೊದಲು ಕೇಳುವ ಅಂಗಡಿಯವನು ಸಿಕ್ಕಿದರೆ ಅವನನ್ನು ಬಿಡಬೇಡಿ.

ತಮ್ಮನ ಅತ್ಯುತ್ತಮ ಉಪಯೋಗ ನನ್ನ ದೃಷ್ಟಿಯಲ್ಲಿ ಹೊಸ ಯಂತ್ರದಲ್ಲಿಲ್ಲ, ಹಳೆಯದರಲ್ಲಿದೆ. 2017ರಲ್ಲಿ ಮೊದಲ ರೈಜನ್ ಕೊಂಡವರ ಮದರ್‌ಬೋರ್ಡುಗಳಿಗೂ ಈ ಪೀಳಿಗೆಯ ಪ್ರೊಸೆಸರು ಹಾಕಲು 2022ರಲ್ಲಿ ಎಎಂಡಿ ದಾರಿ ಮಾಡಿಕೊಟ್ಟಿತು. ಬೋರ್ಡಿನ ಬಯಾಸ್ ಎಂಬ ಮೂಲ ತಂತ್ರಾಂಶವನ್ನು ಹೊಸದಾಗಿಸಿಕೊಂಡರಾಯಿತು. ಬೋರ್ಡು ಅದೇ, ರ‍್ಯಾಮ್ ಅದೇ, ಪೆಟ್ಟಿಗೆ ಅದೇ, ಚಿಪ್ಪೊಂದು ಬದಲು. ಐದು ವರ್ಷದ ಹಳೆಯ ಯಂತ್ರ, ಆಗಷ್ಟೇ ಬಂದಿದ್ದ ಇಂಟೆಲ್‌ನ 589 ಡಾಲರಿನ 12900ಕೆ ಜೊತೆ ಆಟಗಳಲ್ಲಿ ಸರಿಸಮ ಓಡಿತು. ಹಳೆಯ ಸೀರೆಗೆ ಹೊಸ ಸೆರಗು ಹಾಕಿ ಹತ್ತು ವರ್ಷ ಉಟ್ಟ ತಾಯಂದಿರಿರುವ ನಮ್ಮ ಮನೆಗಳಿಗೆ ಇದರ ಬೆಲೆ ತಿಳಿಯುತ್ತದೆ. ಬಹಳ ವರದಿಗಳು ಈ ಅಂಶಕ್ಕೆ ಕೊಟ್ಟದ್ದು ಕೊನೆಯ ಒಂದು ಪ್ಯಾರಾ ಮಾತ್ರ.

ಅಟ್ಟದ ಕಲ್ಪನೆ ಹುಟ್ಟಿದ್ದು ಆಟಕ್ಕಾಗಿಯೂ ಅಲ್ಲವೆಂಬುದನ್ನು ಹೇಳದೆ ಬಿಟ್ಟರೆ ಅನ್ಯಾಯವಾದೀತು. ತಮ್ಮನಿಗಿಂತ ಒಂದು ತಿಂಗಳು ಮೊದಲು, 2022ರ ಮಾರ್ಚಿನಲ್ಲಿ, 768 ಮೆಗಾಬೈಟಿನವರೆಗೆ ಉಗ್ರಾಣವಿರುವ ಎಪಿಕ್ ಸರ್ವರ್ ಪ್ರೊಸೆಸರುಗಳು ಬಂದಿದ್ದವು. ಹೊಸ ಚಿಪ್ಪುಗಳ ವಿನ್ಯಾಸ ಸರಿಯಿದೆಯೇ ಎಂದು ತಯಾರಿಗೆ ಮುಂಚೆ ಪರಿಶೀಲಿಸುವ ತಂತ್ರಾಂಶ ಅವುಗಳ ಮೇಲೆ ಶೇಕಡಾ 66 ಬೇಗ ಓಡಿತೆಂದು ಎಎಂಡಿ ಹೇಳಿಕೊಂಡಿತು. ಬೆಂಗಳೂರಿನಲ್ಲಿ ಅಂಥ ಪರಿಶೀಲನೆಯೇ ಕಸುಬಾಗಿರುವ ಸಾವಿರಾರು ಮಂದಿ ಇದ್ದಾರೆ; ಎಎಂಡಿಯೂ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ಅಲ್ಲಿಯೇ ತೆರೆಯಿತು. ನಮ್ಮಲ್ಲಿ ಕೆಲವರ ಮಕ್ಕಳಿಗೆ ಆಟಕ್ಕಿಂತ ಆ ಶೇಕಡಾ 66 ಹೆಚ್ಚು ಆಪ್ತವೆನಿಸಬಹುದು.

ಇಬ್ಬರಲ್ಲಿ ಯಾರು ಮೇಲೆಂದು ಕೇಳಿದರೆ, ಕೃತಿಯಾಗಿ ತಮ್ಮನೇ ಮೇಲು. ಅಣ್ಣ ಅಚ್ಚುಕಟ್ಟಾದ ಕೆಲಸಗಾರ, ಆದರೆ ಅವನಂಥವರು ಮೊದಲೂ ಇದ್ದರು, ಆಮೇಲೂ ಬಂದರು. ತಮ್ಮನಿಂದ ಒಂದು ಹೊಸ ಪರಂಪರೆಯೇ ಶುರುವಾಯಿತು. 2023ರ ಏಪ್ರಿಲಿನಲ್ಲಿ 7800ಎಕ್ಸ್3ಡಿ ಬಂತು, 2024ರ ನವೆಂಬರಿನಲ್ಲಿ 9800ಎಕ್ಸ್3ಡಿ. ಈ ಕೊನೆಯದರಲ್ಲಿ ಅಟ್ಟವನ್ನು ಕೆಳಗಿಳಿಸಿ ನೆಲಮಾಳಿಗೆಯಾಗಿಸಿದ್ದಾರೆ. ಅಡಿಗೆಯವರು ಈಗ ಮೇಲೆ, ತಂಪಿನ ಪಕ್ಕದಲ್ಲೇ. ಹಾಗಾಗಿ ವೇಗ 5.2 ಗಿಗಾಹರ್ಟ್ಸಿನವರೆಗೆ ಏರುತ್ತದೆ, ಓವರ್‌ಕ್ಲಾಕಿಂಗಿಗಿದ್ದ ಬೀಗವನ್ನೂ ತೆಗೆದಿದ್ದಾರೆ. ಆದರೂ ನೆಲಮಾಳಿಗೆಯಿಲ್ಲದ ಅದರ ಅಣ್ಣ 9700ಎಕ್ಸ್ 5.5ಕ್ಕೆ ಏರಬಲ್ಲ. ಈ ಹೊಸ ಜೋಡಿಯನ್ನು ವಾಸ್ತುಶಿಲ್ಪದ ವಿದ್ಯಾರ್ಥಿನಿಯ ಕೆಲಸಕ್ಕೊಮ್ಮೆ, ಅವಳ ತಮ್ಮನ ಆಟಕ್ಕೊಮ್ಮೆ ಬೇರೆ ಬೇರೆಯಾಗಿ ತೂಗಿ, ಸರಾಸರಿ ತೆಗೆಯದೆ, ಯಾರಾದರೂ ಬರೆಯಬೇಕು.